ಸೆನೆಟರ್ ಅನ್ನಿಯರ್‌ನ ಮೊದಲ ಭಾಷಣ

ಸೈಲಸ್ ಅನ್ನಿಯರ್‌ನನ್ನು ದೇಶದ ಮೇಲ್ಮನೆಗೆ ಆರಿಸಿದ್ದು ಅವನ ಬುದ್ಧಿಗಲ್ಲ, ಸೇವೆಗಂತೂ ಅಲ್ಲವೇ ಅಲ್ಲ. ಅವನ ಉಪನಾಮದ ಮೊದಲ ಅಕ್ಷರಕ್ಕೆ. ಆಗಿನ ಮತಪತ್ರದಲ್ಲಿ ಯಾರ ಉಪನಾಮ ಅಕ್ಷರಮಾಲೆಯಲ್ಲಿ ಮುಂದೆ ಬರುತ್ತದೋ ಅವರ ಗುಂಪಿಗೆ ಮೊದಲ ಜಾಗ. ಓಟು ಹಾಕದಿದ್ದರೆ ದಂಡ ಬೇರೆ. ಹಾಗಾಗಿ ಮನಸ್ಸಿಲ್ಲದೆ ಬಂದವರು ಮೊದಲ ಜಾಗದಿಂದಲೇ ಒಂದು, ಎರಡು, ಮೂರು ಅಂತ ಗೀಚಿ ಮನೆಗೆ ಹೋಗುತ್ತಿದ್ದರು. ಪಕ್ಷದ ಹಳೆಯ ಸೆನೆಟರ್ ಟಾಲ್ಮಿ ಇದನ್ನೆಲ್ಲ ಲೆಕ್ಕ ಹಾಕಿಯೇ ಪರ್ತ್‌ನಿಂದ ರೈಲು ಹತ್ತಿ ಸೈಲಸ್‌ನ ಊರು ಬೌಲ್ಡರ್‌ಗೆ ಬಂದಿದ್ದ.

ಸೈಲಸ್ ಚಿನ್ನದ ಗಣಿಯಲ್ಲಿ ಕೇಜು ಇಳಿಸಿ ಏರಿಸುವ ಯಂತ್ರದ ಚಾಲಕ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯ ಮೇಲೆ ಕೂತು ಜನರನ್ನು ಪಾತಾಳಕ್ಕಿಳಿಸಿ ಜೀವಂತ ಮೇಲೆ ತಂದವನು. ಮಾತು ಕಡಿಮೆ. ಆ ಕೆಲಸದಲ್ಲಿ ಹರಟೆ ಹೊಡೆದರೆ ಕೆಳಗಿರುವವರ ಗತಿ ಅಷ್ಟೇ.

"ನೀನು ಏನೂ ಮಾಡೋದು ಬೇಡ ಮಾರಾಯ, ನಿನ್ನ ಹೆಸರು ಸಾಕು. ಸದನದಲ್ಲಿ ಓಟಿನ ಗಂಟೆ ಹೊಡೆದಾಗ ನಾವು ಹೇಳಿದ ಕಡೆ ಹೋಗಿ ಕೂತ್ಕೊ. ಬಾಯಿ ಮಾತ್ರ ಬಿಡಬೇಡ," ಎಂದ ಟಾಲ್ಮಿ.

"ಆಗಲಿ ಟಾಲ್ಮಿಯವ್ರೆ," ಎಂದು ಸೈಲಸ್ ಪಕ್ಷದ ಪ್ರತಿಜ್ಞಾಪತ್ರಕ್ಕೆ ರುಜು ಹಾಕಿಬಿಟ್ಟ. ಪಕ್ಷದ ತೀರ್ಮಾನದ ವಿರುದ್ಧ ಎಂದೂ ಓಟು ಹಾಕುವುದಿಲ್ಲ ಅಂತ ಅದರಲ್ಲಿತ್ತು.

ಚುನಾವಣೆಯ ದಿನ ಅಕ್ಕ ಥರ್ಜಾ ಹೊಸ ಹ್ಯಾಟು ಹಾಕಿಕೊಂಡು ತಮ್ಮನಿಗೆ ಓಟು ಹಾಕಲು ಹೋದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು, ಅಕ್ಷರ ತಿದ್ದಿಸಿದವಳು ಅವಳೇ. ಅವಳ ಗಂಡ ಯುರೆ ರಾಡೊನಿಚ್ ದೂರದ ಡಾಲ್ಮೇಶಿಯಾದವನು. ಗಣಿಯ ಧೂಳು ಎದೆಗೆ ಸೇರಿ ಸತ್ತು ಆರು ವರ್ಷವಾಗಿತ್ತು. ಮೇಜಿನ ಹಿಂದಿದ್ದ ಗುಮಾಸ್ತ ಆ ಉಪನಾಮ ನೋಡಿ ಪೆನ್ಸಿಲ್ ಕೆಳಗಿಟ್ಟ.

"ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದಾರೆ ತಾಯಿ. ಹೊರದೇಶದವನನ್ನ ಕಟ್ಟಿಕೊಂಡ್ರಲ್ಲ, ನೀವೂ ಹೊರದೇಶದೋರೇ."

"ನಾನು ಇದೇ ದೇಶದ ಬೆಂಡಿಗೋದಲ್ಲಿ ಹುಟ್ಟಿದೋಳು ಕಣಯ್ಯಾ! ಹಡಗನ್ನೇ ಕಣ್ಣಲ್ಲಿ ನೋಡಿಲ್ಲ ನಾನು. ಯಾವ ದೇಶಕ್ಕೆ ಕಳಿಸ್ತೀಯ ನನ್ನ?"

ಹಿಂದಿನ ಸಲಗಳಲ್ಲಿ ಯಾರೂ ಗಮನಿಸಿರಲಿಲ್ಲ, ಈ ಸಲ ಯಾರೋ ಗಮನಿಸಿದ್ದರು. ಕಾನೂನು ಇದ್ದದ್ದೇ ಹಾಗೆ. ಗಂಡ ಮಣ್ಣಾದರೂ ಅವಳು ಪರದೇಶಿ. ತಮ್ಮ ಗೆದ್ದು ಸೆನೆಟರ್ ಆದ ಸುದ್ದಿ ಬಂದಾಗ ಅವಳು ಹೇಳಿದ್ದು ಒಂದೇ ಮಾತು: "ಊರೋರೆಲ್ಲ ಸೇರಿ ನಿನ್ನ ಕಳಿಸಿದ್ರು, ನಾನೊಬ್ಳು ಬಿಟ್ಟು. ಅಲ್ಲಿ ಹೋಗಿ ಇದನ್ನ ಕೇಳ್ತೀಯೋ, ಇಲ್ವೋ?"

"ಕೇಳ್ತೀನಕ್ಕ."

ಎಲ್ಲಿ ಕೇಳಿದ! ಎರಡು ವರ್ಷ ರಾಜಧಾನಿ ಕ್ಯಾನ್‌ಬೆರಾದ ಕೆಂಪು ಕುರ್ಚಿಯಲ್ಲಿ ತುಟಿ ಪಿಟಕ್ಕೆನ್ನದೆ ಕೂತ. ಎದ್ದು ನಿಲ್ಲಲೇ ಅಂದರೆ ಟಾಲ್ಮಿ "ಈಗ ಬೇಡ" ಅನ್ನುತ್ತಿದ್ದ. ರಜೆಗೆ ಊರಿಗೆ ಬಂದರೆ ಹೋಟೆಲಿನ ಕಟ್ಟೆಯಿಂದಲೇ ಕೂಗು: "ಮೂಗ ಸೆನೆಟರ್ ಬಂದ, ದಾರಿ ಬಿಡ್ರೋ!" ಅಕ್ಕನ ಮನೆಯಲ್ಲಿ ಮಾಂಸ ತುಂಬಿದ ಬಿಸಿ ಪ್ಯಾಸ್ಟಿ ಕಡುಬು ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಅವನಿಗೆ ನಾಚಿಕೆಯಾಗುತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು ಅಂದರೂ ಸರಿಯೇ.

ಮೂರನೆಯ ವರ್ಷ ಪೌರತ್ವದ ಮಸೂದೆ ಸದನಕ್ಕೆ ಬಂತು. ಎದುರು ಪಕ್ಷದ ಒಬ್ಬ ವಕೀಲ ಅದಕ್ಕೊಂದು ತಿದ್ದುಪಡಿ ತಂದ: ಇಲ್ಲಿ ಹುಟ್ಟಿದ ಹೆಂಗಸು ಯಾರನ್ನೇ ಮದುವೆಯಾಗಲಿ, ಇಲ್ಲಿಯವಳೇ. ಥರ್ಜಾ ಕೇಳಿದ್ದೂ ಅದನ್ನೇ. ಆದರೆ ಪಕ್ಷ ಅದನ್ನು ಬೀಳಿಸಲು ತೀರ್ಮಾನಿಸಿತು. ಗಣಿ ಸೀಮೆಯಲ್ಲಿ ಹೊರದೇಶದವರನ್ನು ಕಂಡರೆ ಹಲ್ಲು ಕಡಿಯುವವರು ಬಹಳ, ಅವರ ಓಟು ಹೋದರೆ ಹೇಗೆ ಎಂಬ ಭಯ.

ಅಷ್ಟಕ್ಕೇ ಬಿಟ್ಟಿದ್ದರೆ ಟಾಲ್ಮಿ ಬದುಕಿಕೊಳ್ಳುತ್ತಿದ್ದ. ಅತಿ ಜಾಣತನ ಮಾಡಲು ಹೋದ. ತಾನೇ ಬರೆದ ಎರಡು ಹಾಳೆಯ ಭಾಷಣ ತಂದು ಸೈಲಸ್‌ನ ಕೈಗಿಟ್ಟ.

"ಗಣಿ ಸೀಮೆಯೋನೇ ಎದ್ದು ತಿದ್ದುಪಡಿ ಬೇಡ ಅಂದ್ರೆ ತೂಕ ಜಾಸ್ತಿ. ಇದ್ದದ್ದು ಇದ್ದ ಹಾಗೆ ಓದು, ಕೂತ್ಕೊ."

ಸೈಲಸ್ ಹಾಳೆಗಳನ್ನು ಮಡಚಿ ಕೋಟಿನ ಜೇಬಿಗಿಟ್ಟ.

"ಇದು ನನ್ನ ಮೊದಲ ಭಾಷಣ ಅಲ್ವಾ ಟಾಲ್ಮಿಯವ್ರೆ?"

"ಹೂಂ, ಹೆದರ್ಕೋಬೇಡ. ಮೊದಲ ಭಾಷಣಕ್ಕೆ ಯಾರೂ ಅಡ್ಡ ಬರಲ್ಲ."

ಅದು ಆ ಸದನದ ಸಂಪ್ರದಾಯ. ಹೊಸಬ ಮೊದಲ ಬಾರಿ ಮಾತಾಡುವಾಗ ಶತ್ರುವೂ ಕೆಮ್ಮುವುದಿಲ್ಲ. ಎರಡು ವರ್ಷ ಬಾಯಿ ಮುಚ್ಚಿಸಿದ್ದರಿಂದ ಸೈಲಸ್‌ನ ಹತ್ತಿರ ಆ ಮರ್ಯಾದೆ ಖರ್ಚಾಗದೆ ಉಳಿದಿತ್ತು. ಟಾಲ್ಮಿಗೆ ಇದು ಹೊಳೆಯಲೇ ಇಲ್ಲ ನೋಡಿ!

ಮರುದಿನ ಮಧ್ಯಾಹ್ನ ಅಧ್ಯಕ್ಷರು ಅವನ ಹೆಸರು ಕರೆದರು. ಸೈಲಸ್ ಎದ್ದ. ಜೇಬಿನ ಹಾಳೆ ತೆಗೆದು ಟಾಲ್ಮಿಯ ಮುಂದಿನ ಹಲಗೆಯ ಮೇಲಿಟ್ಟ.

"ಅಧ್ಯಕ್ಷರೇ, ಇದು ಟಾಲ್ಮಿಯವರ ಭಾಷಣ. ಬೇಕಿದ್ರೆ ಅವರೇ ಓದಲಿ. ನಾನು ನಮ್ಮಕ್ಕನ ವಿಷಯ ಮಾತಾಡ್ತೀನಿ."

ಟಾಲ್ಮಿ ಅರ್ಧ ಎದ್ದ. "ಕೂತ್ಕೊಳ್ಳಿ," ಎಂದರು ಅಧ್ಯಕ್ಷರು, "ಸದಸ್ಯರದ್ದು ಮೊದಲ ಭಾಷಣ." ಟಾಲ್ಮಿ ಕೂತ. ಮುಖ ಕೆಂಡವಾಗಿತ್ತು.

"ನಮ್ಮಕ್ಕ ಥರ್ಜಾ ಬೆಂಡಿಗೋದಲ್ಲಿ ಹುಟ್ಟಿದೋಳು. ನಂಗೆ ಓದು ಕಲಿಸಿದೋಳು. ಅವಳು ಕಲಿಸಿದ ಅಕ್ಷರದಲ್ಲೇ ನಾನಿಲ್ಲಿ ಪ್ರಮಾಣವಚನಕ್ಕೆ ರುಜು ಹಾಕಿದ್ದು. ನಮ್ಮ ಭಾವ ಈ ದೇಶದ ಚಿನ್ನ ಅಗೀತಾ ಅಗೀತಾ ಸತ್ತ. ಅವನು ಬದುಕಿದ್ದಾಗ ಅವನನ್ನ ದಿನಾ ಕೆಳಗಿಳಿಸಿದ್ದು ನಾನೇ. ಆಗ ಯಾರೂ ಅವನನ್ನ ಯಾವ ದೇಶದೋನು ಅಂತ ಕೇಳಲಿಲ್ಲ. ಅವನ ಹೆಂಡತಿ ಓಟು ಹಾಕೋಕೆ ಹೋದಾಗ ಕೇಳಿದ್ರು. ನಂಗೆ ಇಟಲಿಯೋಳು ಹೆಂಡತಿಯಾದ್ರೂ ನಾನು ಈ ದೇಶದೋನೇ ಆಗಿರ್ತೀನಿ. ಅವಳು ಮಾತ್ರ ಯಾಕೆ ಬೇರೆಯೋಳಾಗ್ಬೇಕು? ಗಣಿ ಸೀಮೆಯೋರು ಇದನ್ನ ಒಪ್ಪಲ್ಲ ಅಂತೀರಿ. ಒಪ್ಪದೇ ಇರೋರು ನಮ್ಮಕ್ಕನ ಮನೆ ಬಾಗಿಲಿಗೆ ಬಂದು ಹೇಳಲಿ, ನೋಡೋಣ!"

ಹದಿನೇಳು ನಿಮಿಷ ಮಾತಾಡಿದ. ಯಾರೂ ಅಡ್ಡ ಬರಲಿಲ್ಲ. ಓಟಿನ ಗಂಟೆ ಹೊಡೆಯಿತು. ಸೈಲಸ್ ಎದ್ದು ನಡುದಾರಿ ದಾಟಿ ಎದುರು ಪಕ್ಷದವರ ನಡುವೆ ಹೋಗಿ ಕೂತ. ತಿದ್ದುಪಡಿ ಎರಡು ಓಟಿನಿಂದ ಬಿದ್ದುಹೋಯಿತು.

ಮೊಗಸಾಲೆಯಲ್ಲಿ ಟಾಲ್ಮಿ ಅವನ ತೋಳು ಹಿಡಿದು ನಿಲ್ಲಿಸಿದ.

"ಸೋಲೋ ಓಟಿಗೆ ಸೀಟು ಕಳ್ಕೊಂಡೆಯಲ್ಲೋ ದಡ್ಡ! ಮುಂದಿನ ಸಲ ಓಟಿನ ಚೀಟಿಯಲ್ಲಿ ನಿನ್ನ ಹೆಸರು ಇರಲ್ಲ."

"ಪಟ್ಟಿಯಲ್ಲಿ ನಮ್ಮಕ್ಕನ ಹೆಸರೂ ಇಲ್ಲ. ಇಬ್ರೂ ಜೊತೆಗಿರ್ತೀವಿ ಬಿಡು ಟಾಲ್ಮಿ," ಎಂದ ಸೈಲಸ್. ಬಹುವಚನ ಅಲ್ಲಿಗೆ ಮುಗಿಯಿತು.

ಪಕ್ಷ ಅವನನ್ನು ಅದೇ ವಾರ ಹೊರಹಾಕಿತು. ಸೈಲಸ್ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ರೈಲು ಹತ್ತಿದ. ಐದು ದಿನದ ದಾರಿಯುದ್ದಕ್ಕೂ ಅಕ್ಕನ ಮುಖಕ್ಕೆ ಹೇಗೆ ಮುಖ ಕೊಡಲಿ ಎಂಬುದೇ ಚಿಂತೆ. ಊರಿಗೆ ಹತ್ತಿರದ ಕಾಲ್ಗೂರ್ಲಿ ನಿಲ್ದಾಣದಲ್ಲಿ ಥರ್ಜಾ ಬುಟ್ಟಿ ಹಿಡಿದು ನಿಂತಿದ್ದಳು.

"ಸೋತೆ ಅಕ್ಕ," ಎಂದ.

"ಗೊತ್ತು, ಪೇಪರಲ್ಲಿ ಪೂರ್ತಿ ಓದಿದೀನಿ. ಎರಡು ಸಲ ಓದಿದೆ, ಎರಡು ಸಲಾನೂ ಅತ್ತೆ. ಸದನ ಮುಗೀತಾ?"

"ಇಲ್ಲ, ಇನ್ನೂ ಒಂದು ತಿಂಗಳಿದೆ. ಪಕ್ಷದಿಂದ ತೆಗೆದ್ರು."

"ಸೀಟಿಂದ?"

"ಅದನ್ನ ಯಾರೂ ತೆಗೆಯೋಕಾಗಲ್ಲ. ಆರು ವರ್ಷ ಅಂದ್ರೆ ಆರು ವರ್ಷ. ಇನ್ನೂ ಮೂರೂವರೆ ಉಳಿದಿದೆ."

"ಮತ್ತೆ ಇಲ್ಲಿಗ್ಯಾಕೋ ಬಂದೆ, ಕತ್ತೆ?" ಎಂದಳು ಥರ್ಜಾ. ಬುಟ್ಟಿಯನ್ನು ಅವನ ಕೈಗೆ ತುರುಕಿದಳು. "ನಾಳೆ ಪೂರ್ವಕ್ಕೆ ರೈಲಿದೆ. ಇದನ್ನ ತಿನ್ನು, ಮಲಗು, ಎದ್ದು ಹೊರಡು."

ಅವನು ಹೊರಟ. ಆ ಮೂರೂವರೆ ವರ್ಷದಲ್ಲಿ ನಲವತ್ತೊಂದು ಸಲ ಅದೇ ವಿಷಯಕ್ಕೆ ಎದ್ದು ನಿಂತ. ಮೊದಲ ಭಾಷಣದ ಮರ್ಯಾದೆ ಮುಗಿದಿತ್ತು. ಎರಡೂ ಕಡೆಯವರು ಕೂಗಿದರು, ಮೇಜು ಬಡಿದರು, ಕೂತ್ಕೊ ಅಂದರು. ಅವನು ಒಂದು ಸಲವೂ ಮಾತು ಮುಗಿಸದೆ ಕೂರಲಿಲ್ಲ.