ಅರ್ಧವಿರಾಮದಲ್ಲಿ ಇಳಿದವನು

ಯಾರಾದರೂ ಮಾತನ್ನು ಅರ್ಧಕ್ಕೆ ಬಿಟ್ಟರೆ ಅವತ್ತು ನನಗೆ ಊಟ ಸೇರುವುದಿಲ್ಲ. ಮುಗಿಯದ ವಾಕ್ಯ ಕಂಡರೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಪೇಟೆಗೆ ಹೊರಟವನನ್ನು ಕಂಡಂತಾಗುತ್ತದೆ. ಅರವತ್ತರ ದಶಕದಲ್ಲಿ ಸಾಗರದ ಹೈಸ್ಕೂಲೊಂದಕ್ಕೆ ಕನ್ನಡ ಮೇಷ್ಟ್ರಾಗಿ ಸೇರಿದಾಗ ಈ ಚಟ ಇನ್ನೂ ಎಳೆಯದು. ಆದ್ದರಿಂದ ಅದರ ಹಾರಾಟವೂ ಹೆಚ್ಚು.

ಅದರಲ್ಲೂ ಅರ್ಧವಿರಾಮವೆಂದರೆ ನನಗೆ ವಿಶೇಷ ಮಮತೆ. ಅಲ್ಪವಿರಾಮವನ್ನು ಮಕ್ಕಳು ಉಪ್ಪಿನಂತೆ ಉದುರಿಸುತ್ತಾರೆ, ಪೂರ್ಣವಿರಾಮವನ್ನು ಉಸಿರು ಕಟ್ಟಿದಾಗ ಇಡುತ್ತಾರೆ; ಅರ್ಧವಿರಾಮವನ್ನು ಮಾತ್ರ, ಪಾಪ, ಕೇಳುವವರಿಲ್ಲ. ಅದರ ಆಚೀಚೆ ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲ ವಾಕ್ಯಗಳಿರಬೇಕು. ಆದರೂ ಒಂದಕ್ಕೊಂದು ಋಣಾನುಬಂಧವಿರಬೇಕು. ತೀರ್ಥಹಳ್ಳಿಯಿಂದ ಸಾಗರಕ್ಕೆ ಬರುವ ಬಸ್ಸು ಹೊಸನಗರದಲ್ಲಿ ನಿಂತ ಹಾಗೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಇಳಿದು ಕಾಫಿ ಕುಡಿಯಬಹುದು. ಊರು ಬಂತೆಂದು ಹಾಸಿಗೆ ಬಿಚ್ಚಬಾರದು.

ಇಷ್ಟು ಪಾಂಡಿತ್ಯ ಹೊತ್ತುಕೊಂಡು ಚಿಕ್ಕಪ್ಪನ ಜೊತೆ ತೀರ್ಥಹಳ್ಳಿಗೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆಗೆ ಅಲ್ಲಿ ಜವಳಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹಾಡಲು ಬರುತ್ತದೆಯೇ ಎಂದು ಚಿಕ್ಕಪ್ಪ ಕೇಳಿದರು. "ಹಾಡಕ್ಕೆ ಬರಲ್ಲ, ಲೆಕ್ಕ ಚೆನ್ನಾಗಿ ಬರ್ತದೆ" ಎಂದಳು ಹುಡುಗಿ. ಅಷ್ಟಕ್ಕೇ ನನ್ನ ಮನಸ್ಸು ಅವಳ ಕಡೆ ವಾಲಿತು. ಹೊರಡುವ ಹೊತ್ತಿಗೆ ಅವಳ ತಂದೆ, "ಹುಡುಗಿ ಇನ್ನೂ ಓದ್ಬೇಕು ಅಂತಾಳೆ, ಹಂಗಾಗಿ..." ಎಂದು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. ಚಿಕ್ಕಪ್ಪ ಕೂಡಲೇ ಕೊಡೆ ತೆಗೆದುಕೊಂಡು ಎದ್ದರು.

ನಮ್ಮ ಕಡೆ ಸಂಬಂಧ ಬೇಡವೆಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೇಳುವವರು ಮಾತನ್ನು ನಡುವೆ ಕೈಬಿಡುತ್ತಾರೆ. ಕೇಳುವವರು ಮರ್ಯಾದೆಯಿಂದ ಎದ್ದು ಹೊರಡುತ್ತಾರೆ. ಮುಂದೇನು ಎಂದು ಕೇಳಿದವನು ಒರಟ. ಬಸ್ಸಿನಲ್ಲಿ ಚಿಕ್ಕಪ್ಪ ನನ್ನ ಸಮಾಧಾನಕ್ಕೆಂದು ಬೇರೆ ಮನೆಗಳ ಹುಡುಗಿಯರ ಸುದ್ದಿ ತೆಗೆದರು. ನನ್ನ ಕಿವಿಯಲ್ಲಿ "ಹಂಗಾಗಿ" ಎಂಬುದೊಂದೇ ತಿರುಗುತ್ತಿತ್ತು. ಅದು ಬೇಡವೆನ್ನುವ ಮಾತೇ ಆಗಿರಬೇಕೆಂದು ಎಲ್ಲಿದೆ? ಆ ಹುಡುಗಿ ಕೈತಪ್ಪಿ ಹೋದಳೆಂದು ಒಪ್ಪಿಕೊಳ್ಳಲು ನನಗೆ ಆಗಲೇ ಇಲ್ಲ.

ಹೊಸನಗರದಲ್ಲಿ ಬಸ್ಸು ನಿಂತಿತು. ನೀವು ಮುಂದೆ ಹೋಗಿ ಎಂದು ಹೇಳಿ ಇಳಿದವನೇ ತೀರ್ಥಹಳ್ಳಿ ಕಡೆ ಹೊರಟಿದ್ದ ಬಸ್ಸು ಹತ್ತಿದೆ. ನನಗೆ ತಲೆ ಕೆಟ್ಟಿದೆಯೆಂಬುದನ್ನು ಚಿಕ್ಕಪ್ಪ ಕಿಟಕಿಯಿಂದಲೇ, ಪೂರ್ಣ ವಾಕ್ಯದಲ್ಲಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದರು.

ನನ್ನನ್ನು ಮತ್ತೆ ಬಾಗಿಲಲ್ಲಿ ಕಂಡು ಹುಡುಗಿಯ ತಂದೆ ಗಾಬರಿಯಾದರು. ನಾನು ನಾಚಿಕೆ ಬಿಟ್ಟು, "ಹಂಗಾಗಿ ಅಂದ್ರಲ್ಲ, ಮುಂದಿಂದು ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದೆ. ಒಳಬಾಗಿಲಿನಿಂದ ಹುಡುಗಿಯೇ ಉತ್ತರ ಕೊಟ್ಟಳು.

"ಮದ್ವೆ ಆದ್ಮೇಲೂ ಓದಿಸ್ತಾರಾ ಕೇಳಿ ಅಂದಿದ್ದೆ. ಅಪ್ಪಯ್ಯಂಗೆ ಕೇಳಕ್ಕೆ ಸಂಕೋಚ."

ಓದಿಸುತ್ತೇನೆ ಎಂದೆ. ಮಾತು ಪೂರ್ತಿಯಾಗಿಯೇ ಬಂತು. ಅವಳ ತಂದೆಯ ಮುಖ ಅರಳಿತು, ಆದರೆ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? "ನಿಮ್ಮ ಚಿಕ್ಕಪ್ಪ ಬೇಜಾರಾಗಿ ಹೋದ್ರು, ಇನ್ನು ಅವ್ರನ್ನ..." ಎಂದು ಮತ್ತೆ ಟವೆಲ್ಲಿಗೆ ಕೈಹಾಕಿದರು.

ಆ ವಾಕ್ಯವನ್ನು ನಾನೇ ಮುಗಿಸಿದೆ.

"ನಾನೇ ಕರ್ಕೊಂಡು ಬರ್ತೀನಿ, ಮಾವ."