ಗಂಡಸರ ಸಾಲಿನಲ್ಲಿ ಅಜ್ಜಿ

ಎರಡು ಸಾವಿರದ ಇಸವಿಯ ಪಂಚಾಯ್ತಿ ಚುನಾವಣೆಯಲ್ಲಿ ನಾನು ಮೊದಲ ಸಲ ವೋಟು ಹಾಕಿದೆ. ಆಗ ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಟ. ಬಸ್ಸು ಎಷ್ಟು ತಡವಾಯಿತು, ಮಳೆ ಯಾವ ತಾರೀಖು ಬಿತ್ತು, ಮನೆಗೆ ಯಾರು ಬಂದರು, ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ಚಟ ನನಗಿತ್ತು. ಆ ಭಾನುವಾರದ ಪುಟದಲ್ಲಿ ಇರುವುದು ಇಷ್ಟೇ: ಏಳೂವರೆಗೆ ಹೊರಟೆವು, ಹನ್ನೊಂದೂ ಕಾಲಿಗೆ ಬಂದೆವು, ಮೂವರದೂ ಆಯಿತು. ಉಳಿದದ್ದನ್ನು ಬರೆಯುವ ಅಗತ್ಯ ಆಗಲೂ ಇರಲಿಲ್ಲ. ಇವತ್ತಿಗೂ ನಾನದನ್ನು ಮರೆತಿಲ್ಲ.

ಮೂವರೆಂದರೆ ನಾನು, ಅಜ್ಜಿ, ಅಕ್ಕ. ಅಕ್ಕ ನಮ್ಮ ರಕ್ತಸಂಬಂಧಿಯಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿದಾಗ ಅವಳಿಗೆ ಗಂಡು ಹೆಸರಿಟ್ಟಿದ್ದರು. ಹದಿನೇಳನೆಯ ವಯಸ್ಸಿಗೆ ಅವಳು ಸೀರೆ ಉಟ್ಟಳು, ಆ ಮನೆ ಬಾಗಿಲು ಹಾಕಿಕೊಂಡಿತು. ಒಂದು ವರ್ಷ ಬಿತ್ತನೆ ಶೇಂಗಾ ಸುಲಿಯಲು ಆ ಕಡೆಯಿಂದ ಬಂದ ಕೂಲಿ ಹೆಂಗಸರ ಗುಂಪಿನಲ್ಲಿ ಅವಳೂ ನಮ್ಮ ಮನೆಗೆ ಬಂದಳು.

ನಮ್ಮಲ್ಲಿ ಬಿತ್ತನೆ ಬೀಜವನ್ನು ಯಂತ್ರಕ್ಕೆ ಹಾಕುತ್ತಿರಲಿಲ್ಲ. ಕಾಯಿಗೆ ನೀರು ಚಿಮುಕಿಸಿ, ಹೆಂಗಸರು ಪಡಸಾಲೆಯಲ್ಲಿ ದುಂಡಗೆ ಕೂತು ಕೈಯಲ್ಲೇ ಸುಲಿಯಬೇಕು. ಗಂಡಸರು ಅಂಗಳದಲ್ಲಿ ಮೂಟೆ ಹೊರುವುದು, ತೂಗುವುದು. ಆ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲ. ಅವಳು ಹೊಸ್ತಿಲ ಮೇಲೆ ನಿಂತೇ ಇದ್ದಳಂತೆ. ಮನೆಯ ಆಳೊಬ್ಬ ನಗುತ್ತಾ, "ಅವ್ವ, ಇದು ಒಳಗೋ ಹೊರಗೋ?" ಎಂದು ಕೇಳಿದ. ಅಜ್ಜಿ ಮೊರದಿಂದ ತಲೆ ಎತ್ತಿ ನೋಡಿ, "ಎಲ್ಲಿ ಕೂರ್ಬೇಕು ಅನ್ನಿಸ್ತೈತೋ ಅಲ್ಲಿ ಕೂತ್ಕಳವ್ವ. ಬೀಜ ಮುರೀದಂಗೆ ಸುಲಿ, ಅಷ್ಟೇ ನಂಗೆ ಬೇಕಾಗಿರೋದು" ಅಂದಳು. ಅವಳು ಅಜ್ಜಿಯ ಪಕ್ಕದಲ್ಲೇ ಕೂತಳು. ಸುಲಿಯುವುದು ಮುಗಿದು ಗುಂಪಿನವರೆಲ್ಲ ಮೊಳಕಾಲ್ಮೂರಿಗೆ ಹೋದರೂ ಅವಳು ಹೋಗಲಿಲ್ಲ.

ನನ್ನ ಹೈಸ್ಕೂಲಿನ ಸಂಜೆಗಳೆಲ್ಲ ಅವಳ ದನಿಯಿಂದ ತುಂಬಿವೆ. ನನ್ನನ್ನು ತೆಲುಗಿನಲ್ಲಿ 'ಅಮ್ಮಾಯಿ' ಎಂದು ಕರೆಯುತ್ತಿದ್ದಳು. ಬೀದಿಯ ಹುಡುಗಿಯರಿಗೆಲ್ಲ ಅವಳೇ ಜಡೆ ಹಾಕಬೇಕು. ದನ ಮೇಯುವ ಕಾವಲಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುವ ದಿನಗಳಲ್ಲಿ ನಾವು ಸಾಲಾಗಿ ಜಗುಲಿಯ ಮೇಲೆ ಕೂತಿರುತ್ತಿದ್ದೆವು, ಅವಳ ಬೆರಳಲ್ಲಿ ಹರಳೆಣ್ಣೆಯ ವಾಸನೆ. ಜಡೆ ಬಿಗಿಯಾಯಿತೆಂದು ಅತ್ತರೆ, "ಸೀರೆ ನೇಯೋ ಕೈ ಕಣೇ ಇದು, ಎಳೆ ಸಡ್ಲ ಬಿಡಲ್ಲ" ಅನ್ನುತ್ತಿದ್ದಳು.

ನಾನು ಪಿಯುಸಿ ಸೇರುವ ಹೊತ್ತಿಗೆ ಅಜ್ಜಿಯ ಎರಡೂ ಕಣ್ಣು ಹೋದವು. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದರು ವೈದ್ಯರು. ಅಂದಿನಿಂದ ಅಜ್ಜಿಯ ಎಡಗೈ ಸದಾ ಅಕ್ಕನ ಬಲ ಮೊಣಕೈಯ ಮೇಲೆ. ಊರಿನವರಿಗೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ನೋಡಿದರೆ ಏನೋ ಕಳೆದಂತೆ ಅನ್ನಿಸುತ್ತಿತ್ತು.

ತೊಡಕಾದದ್ದು ನಮ್ಮ ಮನೆಯವರ ಒಳ್ಳೆಯತನದಿಂದಲೇ. ರೇಷನ್ ಕಾರ್ಡು ಬರೆಯುವವರು ಬಂದಾಗ ಅಜ್ಜಿ ಅಕ್ಕನ ಈಗಿನ ಹೆಸರು ಹೇಳಿ, ಹೆಣ್ಣು, ಮನೆಮಗಳು ಎಂದು ಬರೆಸಿದಳು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಮೇಷ್ಟರು ಬಂದಾಗ ಮನೆಯಲ್ಲಿದ್ದದ್ದು ಅಪ್ಪ. ಅವರು ಶೇಂಗಾ ವ್ಯಾಪಾರಿ, ಕಾಗದಪತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಸಹಿಸದವರು. ಅಕ್ಕನಿಗೂ ಒಂದು ವೋಟು ಇರಲಿ ಎಂಬ ಪ್ರೀತಿಯಿಂದ, ಅವಳ ಟ್ರಂಕಿನಲ್ಲಿದ್ದ ಶಾಲೆಯ ಸರ್ಟಿಫಿಕೇಟು ತೆಗೆಸಿ, ಅದರಲ್ಲಿದ್ದ ಹಾಗೇ ಹಳೆಯ ಹೆಸರು, ಗಂಡು ಎಂದು ಬರೆಸಿದರು. ಒಂದೇ ಮನೆಯಲ್ಲಿ ತಾಯಿ ಒಂದು, ಮಗ ಒಂದು ಬರೆಸಿದ್ದು ಚುನಾವಣೆಯ ದಿನದವರೆಗೆ ಯಾರ ಗಮನಕ್ಕೂ ಬರಲಿಲ್ಲ.

ಅಜ್ಜಿಗೆ ಅದು ಕಣ್ಣು ಹೋದ ಮೇಲಿನ ಮೊದಲ ವೋಟು, ಹಿಂದಿನ ವರ್ಷದ ಲೋಕಸಭೆ ಚುನಾವಣೆಗೆ ಅವಳು ಹೋಗಿರಲಿಲ್ಲ. ಕಣ್ಣು ಕಾಣದವರು ತಮಗೆ ಬೇಕಾದವರನ್ನು ಜೊತೆಗೆ ಕರೆದೊಯ್ದು ಮುದ್ರೆ ಒತ್ತಿಸಬಹುದಿತ್ತು. ಅಕ್ಕನೇ ಆಗಬೇಕೆಂದು ಅಜ್ಜಿಯ ಹಟ. ಯಾರಿಗೆ ವೋಟು ಹಾಕುತ್ತೇನೆಂದು ಅವಳು ತಾತನಿಗೂ ಹೇಳಿದವಳಲ್ಲ. "ನಿಮ್ಮಪ್ಪಂಗೆ ಹೇಳಿದ್ರೂ ಒಂದೇ, ಸಂತೇಲಿ ಡಂಗುರ ಹೊಡೆಸಿದ್ರೂ ಒಂದೇ" ಅನ್ನುತ್ತಿದ್ದಳು.

ಊರಾಚೆಯ ಶಾಲೆಯ ಅಂಗಳದಲ್ಲಿ ಎರಡು ಸಾಲು. ನಾವು ಹೆಂಗಸರ ಸಾಲಿನಲ್ಲಿ ನಿಂತೆವು. ಅಕ್ಕ ಹಸಿರು ಸೀರೆ ಉಟ್ಟು, ತಲೆತುಂಬ ಕನಕಾಂಬರ ಮುಡಿದಿದ್ದಳು. ಮುಂದಿದ್ದವಳು ತಿರುಗಿ, "ಏನಕ್ಕ, ವೋಟಿಗೆ ಬಂದಿಯೋ ಮದುವೆಗೆ ಬಂದಿಯೋ?" ಅಂದಳು. "ಮೊದಲ್ನೇ ಸಲ ಅಲ್ಲವೇನೇ" ಎಂದಳು ಅಕ್ಕ.

ಒಳಗೆ ನನ್ನ ಬೆರಳಿಗೆ ಶಾಯಿ ಹಾಕಿದರು. ನಾನು ಮುದ್ರೆ ಒತ್ತಿ ಬರುವಷ್ಟರಲ್ಲಿ ಅಕ್ಕನ ಚೀಟಿ ನೋಡಿದ ಸಿಬ್ಬಂದಿ ಹಳೆಯ ಹೆಸರನ್ನು ಗಟ್ಟಿಯಾಗಿ ಕೂಗಿದ. ಎಲ್ಲರೂ ಬಾಗಿಲ ಕಡೆ ನೋಡಿದರು. ಯಾವ ಗಂಡಸೂ ಬರಲಿಲ್ಲ. ಬೆಂಚಿನ ಮೇಲಿದ್ದ ಒಬ್ಬ ಉಮೇದುವಾರನ ಏಜೆಂಟು ಎದ್ದು ನಿಂತ. ಅವನು ನಮ್ಮ ಪಕ್ಕದ ಮನೆಯವನೇ.

"ಸಾರ್, ನನ್ನ ತಕರಾರೈತೆ. ಪಟ್ಟಿಲಿರೋರು ಇವರಲ್ಲ."

"ಮತ್ತೆ ಯಾರ್ರೀ ಇವರು?" ಎಂದು ಕೇಳಿದರು ಮತಗಟ್ಟೆಯ ಅಧಿಕಾರಿ.

ಅಕ್ಕ ಪಕ್ಕದ ಮನೆಯವನ ಕಡೆ ತಿರುಗಿ ಮೆತ್ತಗೆ, "ನಿನ್ನೆ ಸಾಯಂಕಾಲ ನಿನ್ ಮಗಳಿಗೆ ಜಡೆ ಹಾಕಿದ್ದು ಯಾರಪ್ಪ?" ಎಂದಳು.

"ಅದು ಬೇರೆ ಅಕ್ಕ. ಇದು ಕಾನೂನು."

ಅಧಿಕಾರಿ ಬೇರೆ ತಾಲ್ಲೂಕಿನಿಂದ ಬಂದಿದ್ದ ಹೈಸ್ಕೂಲು ಮೇಷ್ಟರು. ಕೆಟ್ಟವರಲ್ಲ. ಪಟ್ಟಿಯನ್ನೂ ರೇಷನ್ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಪಟ್ಟಿ ನಿಜ ಅಂದ್ರೆ ಕಾರ್ಡು ಸುಳ್ಳಾಗುತ್ತೆ, ಕಾರ್ಡು ನಿಜ ಅಂದ್ರೆ ಪಟ್ಟಿ ಸುಳ್ಳಾಗುತ್ತೆ. ಇವರು ಯಾರು ಅಂತ ಗುರುತು ಹೇಳೋರು ಯಾರಾದ್ರೂ ಇದೀರಾ?"

"ನಾನಿದೀನಿ" ಎಂದಳು ಅಜ್ಜಿ.

ಅವರು ಸಂಕೋಚದಿಂದಲೇ ಹೇಳಿದರು. "ಅಮ್ಮ, ತಪ್ಪು ತಿಳೀಬೇಡಿ. ಗುರುತು ಅಂದ್ರೆ ಮುಖ ನೋಡಿ ಹೇಳ್ಬೇಕು. ನಿಮ್ಮ ಮಾತು ನಾನು ಹೇಗೆ ಬರ್ಕೊಳ್ಳಲಿ?"

"ಕಣ್ಣಿದ್ದಾಗ್ಲೇ ನೋಡಿದೀನ್ರಿ ಇವಳ್ನ. ಆಮ್ಯಾಲೆ ಬದ್ಲಾಗಿದ್ರೆ ನೀವು ಹೇಳ್ರಿ."

ಯಾರೋ ನಕ್ಕರು. ನಾನು ಹೇಳುತ್ತೇನೆಂದು ಮುಂದೆ ಬಂದೆ. "ಒಂದೇ ಮನೆಯೋರು, ಹೇಳ್ದೆ ಬಿಡ್ತಾರಾ ಸಾರ್?" ಎಂದ ಏಜೆಂಟು. ಹೀಗೆ ಆ ಕೋಣೆಯಲ್ಲಿ ಐದೇ ನಿಮಿಷದಲ್ಲಿ ಅಕ್ಕ ಅಕ್ಕನಲ್ಲ ಎಂದಾಯಿತು, ಅಜ್ಜಿ ಕಂಡದ್ದು ಕಂಡದ್ದಲ್ಲ ಎಂದಾಯಿತು, ನಾನು ಸಾಕ್ಷಿಯಲ್ಲ ಎಂದಾಯಿತು. ಯಾರೂ ದನಿ ಎತ್ತರಿಸಿರಲಿಲ್ಲ.

"ಅಜ್ಜಿಯ ವೋಟನ್ನ ಮೊಮ್ಮಗಳೇ ಒತ್ತಲಿ ಬಿಡಿ" ಎಂದರು ಅಧಿಕಾರಿ.

"ಬ್ಯಾಡ್ರಿ. ಅವಳು ಡೈರೀಲಿ ಬರ್ಕಂಬಿಡ್ತಾಳೆ" ಎಂದಳು ಅಜ್ಜಿ.

ಕೊನೆಗೆ ಅಧಿಕಾರಿ ಒಂದು ದಾರಿ ಹುಡುಕಿದರು. ಪಟ್ಟಿಯಲ್ಲಿರುವ ಹೆಸರು ತನ್ನದೇ ಎಂದು ಅಕ್ಕ ಬಾಯಿಬಿಟ್ಟು ಹೇಳಬೇಕು, ಏಜೆಂಟು ತಕರಾರು ಬಿಡಬೇಕು. ಹಾಗಾದರೆ ಅವಳ ವೋಟೂ ಆಗುತ್ತದೆ, ಅಜ್ಜಿಯ ಜೊತೆಗೂ ಹೋಗಬಹುದು.

"ಹೇಳಿದ್ರೆ ನಂದೇನಿಲ್ಲ ಸಾರ್" ಎಂದ ಏಜೆಂಟು. "ಆದ್ರೆ ಗಂಡಸು ಅಂತ ಒಪ್ಪಿದ ಮ್ಯಾಲೆ ಗಂಡಸರ ಸಾಲಲ್ಲಿ ಬರ್ಲಿ. ಎಲ್ರಿಗೂ ಒಂದೇ ರೂಲು."

ನಮ್ಮ ಮನೆಗೆ ಬಂದ ಮೇಲೆ ಆ ಹೆಸರು ಅಕ್ಕನ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಬೇಡ ಎಂದು ಅವಳು ಹೊರಟುಬಿಡಬಹುದಿತ್ತು. ನನಗೂ ಅದೇ ಬೇಕಿತ್ತು. ಅವಳು ತನ್ನ ಮೊಣಕೈಯ ಮೇಲಿದ್ದ ಅಜ್ಜಿಯ ಕೈಯನ್ನು ನೋಡಿದಳು. ಆಮೇಲೆ ಆ ಹೆಸರು ಹೇಳಿ, "ನಂದೇ" ಎಂದಳು. ಅಧಿಕಾರಿ ಮತ್ತೊಮ್ಮೆ ಕೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಈಗಲೂ ಗೌರವವಿದೆ.

ಹೊರಗೆ ಬಂದು ಅಕ್ಕ ಅಜ್ಜಿಯನ್ನು ಹೆಂಗಸರ ಕಡೆಯ ಕಟ್ಟೆಯ ಮೇಲೆ ಕೂರಿಸಲು ನೋಡಿದಳು. "ನೀವು ಇಲ್ಲಿರ್ರಿ ಅವ್ವ, ನನ್ ಸಾಲು ಮುಂದಕ್ಕೆ ಬಂದಾಗ ಕರ್ಕಂಡು ಹೋಗ್ತೀನಿ." ಅಜ್ಜಿ ಕೈ ಬಿಡಲಿಲ್ಲ. ಇಬ್ಬರೂ ಹೋಗಿ ಗಂಡಸರ ಸಾಲಿನ ಕೊನೆಯಲ್ಲಿ ನಿಂತರು, ಒಂದು ಹಸಿರು ಸೀರೆ, ಒಂದು ಬಿಳಿ ಸೀರೆ. ಬೀಡಿ ಸೇದುತ್ತಿದ್ದವರು ಬೀಡಿ ಹೊಸಕಿದರು.

"ಅಜ್ಜಿ, ಇದು ಗಂಡಸರ ಸಾಲು" ಎಂದ ಒಬ್ಬ ಹುಡುಗ.

"ಹೌದೇನಪ್ಪ? ನಂಗೇನು ಕಾಣ್ತೈತೆ?" ಎಂದಳು ಅಜ್ಜಿ.

ಒಬ್ಬರು ಹಿರಿಯರು, "ಮುಂದಕ್ ಹೋಗ್ರವ್ವ" ಎಂದು ಜಾಗ ಬಿಟ್ಟರು. ಅಜ್ಜಿ ಒಪ್ಪಲಿಲ್ಲ, ಎಲ್ಲರಿಗೂ ಒಂದೇ ರೂಲು ಎಂದಳು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತರು. ಒಳಗೆ, ಜೊತೆಗೆ ಬಂದವರ ಕಾಗದದ ಮೇಲೆ ಅಕ್ಕ, ಸಹಿ ಮಾಡಲು ಚೆನ್ನಾಗಿ ಬರುತ್ತಿದ್ದರೂ, ಹೆಬ್ಬೆಟ್ಟು ಒತ್ತಿದಳು. ಆ ಹೆಸರನ್ನು ಅವಳು ಬರೆಯಲಿಲ್ಲ.

ಮನೆಯ ದಾರಿ ಹಿಡಿದೆವು. ಊರ ಹೊರಗಿನ ಬೇವಿನ ಮರದವರೆಗೆ ಬಂದ ಮೇಲೆ ಅಜ್ಜಿ ಕೇಳಿದಳು.

"ನಂದು ಹಾಕ್ದೇನೇ, ಹೇಳ್ದಂಗೆ?"

"ಹೇಳ್ದಂಗೇ ಅವ್ವ."

"ನಿಂದು?"

"ಇರೋ ಗುರ್ತಿಗೆಲ್ಲಾ ಒಂದೊಂದು ಒತ್ತಿದೆ."

ಅಜ್ಜಿ ನಿಂತಳು. "ಹಂಗೊತ್ತಿದ್ರೆ ಕೆಟ್ಟೋಗ್ತೈತಲ್ಲೇ."

"ಕೆಟ್ಟೋಗ್ಲಿ ಅವ್ವ. ಅದು ಅವನ ವೋಟು. ನಂದಲ್ಲ."

ಅಕ್ಕನ ದನಿ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಸೆರಗು ಬಾಯಿಗೆ ಹೋಯಿತು. ಅಜ್ಜಿ ಅವಳ ಭುಜ ತಡವಿ, ಕುತ್ತಿಗೆ ತಡವಿ, ಬಿಸಿಲಿಗೆ ಬಾಡಿ ಜಾರಿದ್ದ ಕನಕಾಂಬರದ ದಂಡೆಯನ್ನು ಹುಡುಕಿ, ಮತ್ತೆ ಜಡೆಗೆ ಸಿಕ್ಕಿಸಿದಳು. ಕೊಂಚ ಓರೆಯಾಗಿ ಕೂತಿತು. ಅಕ್ಕ ಅದನ್ನು ಸರಿಮಾಡಿಕೊಳ್ಳದೆ ಹಾಗೇ ಮನೆಯವರೆಗೆ ನಡೆದಳು.