ಅತ್ತೆಯ ಹರಕೆ, ನನ್ನ ನಾಲಿಗೆ

ನನ್ನ ನಾಲಿಗೆ ಮೊದಲ ಸಲ ಕೈಕೊಟ್ಟದ್ದು ಜಗಳದ ನಡುವೆ.

ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹಿಂದೆ ನಿಂತು, ನನ್ನ ತವರಿನವರು ಹಬ್ಬಕ್ಕೆ ಉಡಿಸಿದ ಸೀರೆಯ ಬಗ್ಗೆ ಒಂದು ಮಾತು ಆಡಿದರು. ನನ್ನಲ್ಲಿ ಉತ್ತರ ಯಾವಾಗಲೂ ತಯಾರಿರುತ್ತಿತ್ತು. ಅರ್ಧ ಉತ್ತರ ನೆಟ್ಟಗೆ ಬಂತು. ಉಳಿದರ್ಧ ಮೂಗಿನೊಳಗಿಂದ ಗೊಣಗೊಣ ಅಂತ ಬಂತು. ನಾಲಿಗೆ ದಪ್ಪಗಾಗಿ ಬಾಯಲ್ಲಿ ಸುಮ್ಮನೆ ಬಿದ್ದುಕೊಂಡಿತು. ಅತ್ತೆ ಕಾದು ನೋಡಿದರು. ನಾನು ಮಾತು ನಿಲ್ಲಿಸಿದೆ. ಮದುವೆಯಾದಾಗಿನಿಂದ ಅವರು ಗೆದ್ದ ಮೊದಲ ಜಗಳ ಅದು.

ಬೆಳಿಗ್ಗೆ ಎದ್ದರೆ ಏನೂ ಆಗಿರಲಿಲ್ಲ. ಉಪ್ಪಲ್ ಬಜಾರಿಗೆ ಹೋಗಿ ಬದನೆಕಾಯಿಯವನ ಜೊತೆ ತೆಲುಗಿನಲ್ಲಿ ಕಿತ್ತಾಡಿ ಬಂದೆ. ಸಂಜೆಯಾಗುತ್ತಲೇ ಮತ್ತೆ ಅದೇ.

ನಾನು ಬೀದರ ಕಡೆಯವಳು. ನಮ್ಮವರಿಗೆ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ, ಕ್ವಾರ್ಟರ್ಸಿಗೆ ಬಂದೆವು. ಜೊತೆಗೆ ಅತ್ತೆ. ‘ಶಕುಂತಲಾನ ಬಾಯಾಗ ಬೀಳಬ್ಯಾಡ್ರಿ’ ಅಂತ ಇಡೀ ಕ್ವಾರ್ಟರ್ಸಿನಲ್ಲಿ ಹೆಸರಾಗಿದ್ದೆ. ನನಗೆ ಅದರ ಬಗ್ಗೆ ನಾಚಿಕೆ ಇರಲಿಲ್ಲ. ಬಾಯಿದ್ದವ ಬರದಾಗೂ ಬದುಕ್ಯಾನ ಅಂತ ನಮ್ಮವ್ವ ಹೇಳುತ್ತಿದ್ದಳು. ನನ್ನ ಹತ್ತಿರ ಇದ್ದದ್ದೂ ಅದೊಂದೇ.

ಅದೇ ಹೋಗತೊಡಗಿತು. ಮನೆಯವರಿಗೆ ಅದು ಕಾಯಿಲೆಯಂತೆ ಕಾಣಲೇ ಇಲ್ಲ. ಸುಧಾರಣೆಯಂತೆ ಕಂಡಿತು.

ಸಂಜೆ ರೆಪ್ಪೆಗಳು ತಾವಾಗಿ ಜೋತು ಬೀಳುತ್ತಿದ್ದವು. ‘ಈಗ ಕಣ್ಣು ಕೆಳಗ ಮಾಡಿ ನಿಂದರಾಕತ್ತಾಳ’ ಅಂತ ಅತ್ತೆ ಪಕ್ಕದ ಮನೆಯವರಿಗೆ ಹೇಳಿದರು. ನಾನು ಏನೂ ಎದುರಾಡುವುದಿಲ್ಲವೆಂದು ನಮ್ಮವರು ಖುಷಿಯಾಗಿ, ಕಾರ್ಖಾನೆಯಿಂದ ಬರುವಾಗ ಮಲ್ಲಿಗೆ ತಂದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಮಲ್ಲಿಗೆ. ‘ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮ ಮನಿಗಿ ಬಂಗಾರ ಬಂತು ನೋಡು’ ಅಂತ ನಕ್ಕರು. ನನ್ನ ದೇಹ ಒಂದೊಂದೇ ಕೆಲಸ ಕೈಬಿಡುತ್ತಿದ್ದ ಆ ತಿಂಗಳುಗಳೇ ಅವರ ಸಂಸಾರದ ಅತಿ ಸುಖದ ತಿಂಗಳುಗಳು.

ಮೈಯಲ್ಲಿ ಏನೋ ಕೆಟ್ಟಿದೆ ಅಂತ ನಾನು ಹೇಳಲಿಲ್ಲವೇ? ಹೇಳಿದೆ. ಬೆಳಿಗ್ಗೆ ಹೇಳಿದೆ, ಹೇಳಲು ಬರುತ್ತಿದ್ದದ್ದು ಆಗಲೇ. ‘ಈಗ ಚಲೋ ಮಾತಾಡಾಕತ್ತೀಯಲ್ಲ?’ ಅಂದರು ನಮ್ಮವರು. ಕಾರ್ಖಾನೆಯ ಡಿಸ್ಪೆನ್ಸರಿಯ ಓಪಿಡಿ ಕೂಡ ಬೆಳಿಗ್ಗೆಯೇ. ಡಾಕ್ಟರು ಟಾರ್ಚ್ ಬಿಟ್ಟು ಗಂಟಲು ನೋಡಿದರು. ವೀಕ್‌ನೆಸ್ ಅಂದರು, ಬಿ ಕಾಂಪ್ಲೆಕ್ಸ್ ಕೊಟ್ಟರು. ರಾತ್ರಿ ರೊಟ್ಟಿ ಅಗಿಯಲು ಆಗದೆ ದವಡೆಯನ್ನು ಕೈಯಿಂದ ಎತ್ತಿ ಹಿಡಿದುಕೊಳ್ಳುತ್ತಿದ್ದೆ. ಅದನ್ನು ಯಾರೂ ನೋಡಲಿಲ್ಲ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಸೊಸೆಯ ಊಟವನ್ನು ಯಾರು ನೋಡುತ್ತಾರೆ?

ಒಂದು ಶುಕ್ರವಾರ ಅತ್ತೆ ಹರಕೆ ತೀರಿಸಲು ನಿಂತರು. ಐದು ಮಂದಿ ಮುತ್ತೈದೆಯರಿಗೆ ಉಡಿ ತುಂಬುವುದು, ಹೋಳಿಗೆ ಊಟ. ಏನು ಹರಕೆ ಅಂತ ನನಗೆ ಗೊತ್ತಿರಲಿಲ್ಲ. ಬೆಳಗಿನಿಂದ ಕಣಕ ನಾದಿದೆ, ಹೂರಣ ರುಬ್ಬಿದೆ, ಬೇಯಿಸಿದೆ, ಬಡಿಸಿದೆ. ನಾನು ತಾಟಿನ ಮುಂದೆ ಕೂತಾಗ ಹೊತ್ತು ಇಳಿದಿತ್ತು. ಬಂದವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಉಡಿ ತುಂಬುವುದು ಇನ್ನೂ ಪೂರ್ತಿ ಮುಗಿದಿರಲಿಲ್ಲ. ಒಬ್ಬಾಕೆ ಕೇಳಿದಳು:

‘ಎದಕ್ಕ ಹರಕಿ ಹೊತ್ತಿದ್ರಿ ಆಯಿ?’

‘ನಮ್ಮ ಸೊಸಿ ಬಾಯಿ ಬಂದ್ ಆಗಲಿ ಅಂತ ಬೇಡ್ಕೊಂಡಿದ್ದೆ,’ ಅಂದರು ಅತ್ತೆ. ‘ಮನಿದೇವ್ರು ಭಾಳ ಲಗೂನ ಕೇಳಿದ್ನವಾ.’

ಎಲ್ಲರೂ ನಕ್ಕರು.

ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಉತ್ತರ ನನಗೆ ಎಂದೂ ಹೊಳೆದಿರಲಿಲ್ಲ. ಬಾಯಿ ತೆರೆದೆ. ಮೂಗಿನಿಂದ ಒಂದು ಸದ್ದು ಬಂತು, ಅಷ್ಟೇ. ಅಳುತ್ತಿದ್ದಾಳೆ ಅಂತ ಯಾರೋ ಬೆನ್ನು ಸವರಿದರು. ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನೀರು ಕುಡಿದೆ. ನೀರು ಮೂಗಿನಿಂದ ಇಳಿಯಿತು.

ಆಮೇಲೆ ಉಸಿರು ಸಿಗಲಿಲ್ಲ.

ಯಾರೋ ಬೆನ್ನಿಗೆ ಗುದ್ದಿದರು. ಹೋಳಿಗೆ ಹೊರಬಿತ್ತು, ಆದರೂ ಉಸಿರು ಮೇಲೆ ಮೇಲೆಯೇ ಆಡುತ್ತಿತ್ತು. ನಮ್ಮವರು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹಾಕಿಕೊಂಡು ಹೋದರು. ಆಕ್ಸಿಜನ್ ಇಟ್ಟರು. ಮರುದಿನ ಸಂಜೆ ನ್ಯೂರಾಲಜಿಯ ಡಾಕ್ಟರು ವಾರ್ಡಿಗೆ ಬಂದರು. ಅವರು ಬಂದದ್ದು ಸಂಜೆ, ಅದೇ ನನ್ನ ಪುಣ್ಯ. ‘ಲೆಕ್ಕಪೆಟ್ಟಂಡಮ್ಮಾ’ ಅಂದರು. ಒಂದು, ಎರಡು ಅಂತ ಎಣಿಸುತ್ತ ಹೋದೆ. ಮೊದಲ ಅಂಕಿಗಳು ಸ್ಪಷ್ಟವಾಗಿದ್ದವು. ಸ್ವಲ್ಪ ಹೊತ್ತಿಗೆ ಎಲ್ಲ ಅಂಕಿಗಳೂ ಒಂದೇ ಥರ ಗೊಣಗತೊಡಗಿದವು. ಅವರು ನಿಲ್ಲಿಸಲಿಲ್ಲ, ಪೂರ್ತಿ ಕೇಳಿದರು. ಎಷ್ಟೋ ತಿಂಗಳಿಂದ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ.

ಒಂದು ಇಂಜೆಕ್ಷನ್ ಕೊಟ್ಟು ಪಕ್ಕದಲ್ಲೇ ಕೂತರು. ರೆಪ್ಪೆಗಳು ಮೆಲ್ಲಗೆ ಮೇಲೆ ಹೋದವು. ನನ್ನ ದನಿ ನನಗೆ ಕೇಳಿಸಿತು. ಮಂಚದ ಹತ್ತಿರ ನಿಂತಿದ್ದ ನಮ್ಮವರ ಮುಖದ ಬಣ್ಣ ಇಳಿಯಿತು.

ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್.

ಡಾಕ್ಟರು ತೆಲುಗಿನಲ್ಲಿ ತಿಳಿಸಿ ಹೇಳಿದರು. ನರದ ತುದಿಯಿಂದ ಒಂದು ರಾಸಾಯನಿಕ ಹೊರಟು ಸ್ನಾಯುವಿಗೆ ‘ಏಳು’ ಅನ್ನುತ್ತದೆ. ಅದನ್ನು ಹಿಡಿದುಕೊಳ್ಳಲು ಸ್ನಾಯುವಿನ ಮೇಲೆ ರಿಸೆಪ್ಟರುಗಳಿವೆ. ನನ್ನನ್ನು ರೋಗದಿಂದ ಕಾಯಬೇಕಾದ ನನ್ನದೇ ರಕ್ತದ ಆಂಟಿಬಾಡಿಗಳು ಆ ರಿಸೆಪ್ಟರುಗಳ ಮೇಲೆ ಅಡ್ಡ ಕೂತು, ಎಷ್ಟನ್ನೋ ಹಾಳು ಮಾಡಿವೆ. ನರ ಸರಿಯಾಗಿಯೇ ಹೇಳುತ್ತಿದೆ. ಮೊದಲ ಸಲ ಅಷ್ಟಿಷ್ಟು ತಲುಪುತ್ತದೆ. ಮತ್ತೆ ಮತ್ತೆ ಹೇಳಿದಷ್ಟೂ ತಲುಪುವುದು ಕಡಿಮೆಯಾಗುತ್ತದೆ. ‘ಹೇಳುವ ಕಡೆ ದೋಷವಿಲ್ಲಮ್ಮಾ, ಕೇಳಿಸಿಕೊಳ್ಳುವ ಕಡೆ ಇದೆ,’ ಅಂದರು. ಅಡ್ಡ ಕೂತವರು ಹೊರಗಿನವರೂ ಅಲ್ಲವಲ್ಲ, ಮನೆಯವರೇ ಅಂದುಕೊಂಡೆ. ಡಾಕ್ಟರು ಬರೆದುಕೊಟ್ಟ ಮಾತ್ರೆ ಆ ಅಡ್ಡ ಕೂತವರನ್ನು ಎಬ್ಬಿಸುವುದಿಲ್ಲವಂತೆ. ನರ ಆಡಿದ ಮಾತು ಬೇಗ ಅಳಿಸಿಹೋಗದಂತೆ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ, ಕೆಲವು ತಾಸು ಮಾತ್ರ.

ಡಿಸ್ಚಾರ್ಜ್ ದಿನ ನಮ್ಮವರು ನಗುತ್ತ ಕೇಳಿದರು: ‘ಸಂಜಿ ಮಾತ್ರಿ ಒಂದು ಬಿಟ್ರ ನಡೀತದೇನ್ರಿ ಡಾಕ್ಟರ್ ಸಾಬ್?’ ನರ್ಸ್ ನಕ್ಕಳು. ಡಾಕ್ಟರು ನಗಲಿಲ್ಲ.

ಉಪಕಾರ ಮರೆತವಳಲ್ಲ ನಾನು. ನಮ್ಮವರು ವಾರ್ಡಿನ ಹೊರಗೆ ಬರೀ ನೆಲದ ಮೇಲೆ ಮಲಗಿದ್ದರು. ಅತ್ತೆ ದಿನಾ ಗಂಜಿ ಕಾಯಿಸಿ ಕಳಿಸಿದರು. ಉಸಿರಾಡುತ್ತಿದ್ದೇನೆ, ಅದೇ ದೊಡ್ಡದು. ಆದರೆ ‘ತಪ್ಪಾಯಿತು’ ಅನ್ನುವ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ, ಅವರ ನಾಲಿಗೆಗಳು ಗಟ್ಟಿಮುಟ್ಟಾಗಿದ್ದರೂ.

ಮನೆಗೆ ಬಂದ ಮೇಲೆ ಒಂದು ಸಂಗತಿ ಗಮನಿಸಿದೆ. ನಮ್ಮವರು ನನ್ನ ಮಾತ್ರೆಯ ವೇಳೆ ಕಲಿತುಬಿಟ್ಟಿದ್ದರು. ನಾನು ಬೇಡ ಅನ್ನಬಹುದಾದ ವಿಷಯವನ್ನೆಲ್ಲ ಮಾತ್ರೆಯ ಬಲ ಇಳಿದಾಗಲೇ ಎತ್ತುತ್ತಿದ್ದರು. ಹೋದ ವಾರ ಸಂಜೆ ಹಾಗೆಯೇ ಬಂದು ನಿಂತರು. ಅತ್ತೆ ಬಾಗಿಲಲ್ಲಿದ್ದರು.

‘ಅವ್ವ ಅಂತಾಳ, ಅವತ್ತು ಉಡಿ ತುಂಬೋದು ಅರ್ಧಕ್ಕ ನಿಂತೈತಿ. ದೇವರ ಬಾಕಿ ಇಟ್ಕೋಬಾರ್ದು. ಬರೋ ಶುಕ್ರವಾರ ಇಟ್ಕೊಳ್ಳೂಣು?’

ರೆಪ್ಪೆ ಇಳಿದಿತ್ತು. ನಾಲಿಗೆ ಬಿದ್ದುಕೊಂಡಿತ್ತು. ನಾನು ಕೈಯಿಂದ ಕುರ್ಚಿ ತೋರಿಸಿದೆ. ಅವರು ಕೂತರು. ಅತ್ತೆಗೂ ತೋರಿಸಿದೆ. ಅವರೂ ಕೂತರು. ಇಬ್ಬರ ಎದುರಿಗೆ ಮಾತ್ರೆ ಬಾಯಿಗೆ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿದು ನಾನೂ ಕೂತೆ. ನಮ್ಮವರು ಒಂದು ಸಲ ಏಳಹೋದರು. ಕೈ ಎತ್ತಿದೆ. ಮತ್ತೆ ಕೂತರು. ನನ್ನ ಮಾತಿಗಾಗಿ ಆ ಮನೆ ಕಾದದ್ದು ಅದೇ ಮೊದಲು.

ಅರ್ಧ ತಾಸಿಗೆ ನಾಲಿಗೆ ಹಗುರಾಯಿತು.

‘ಉಡಿ ತುಂಬೂಣು,’ ಅಂದೆ. ‘ಆದ್ರ ಈ ಸರ್ತಿ ಬೇಡ್ಕೊಳ್ಳಾಕಿ ನಾನು. ನಿಮ್ಮಿಬ್ಬರಿಗೂ ಕಿವಿ ಬರ್ಲಿ ಅಂತ.’

ಯಾರೂ ನಗಲಿಲ್ಲ. ಮಾತ್ರೆಯ ಬಲ ಇನ್ನೂ ಬಹಳ ಹೊತ್ತು ಇತ್ತು. ನಾನು ಮುಂದುವರಿಸಿದೆ.